ಗಾಲಿಕುರ್ಚಿಯ ಫೋಟೊದಲ್ಲಿ ಕಾಣದ ಪೈಪು



ಪ್ರತಿ ವರ್ಷ ಡಿಸೆಂಬರ್ 3ರ ಅಂಗವಿಕಲರ ದಿನ ಕಳೆದ ಮರುದಿನ ಪತ್ರಿಕೆಗಳಲ್ಲಿ ಒಂದೇ ಬಗೆಯ ಚಿತ್ರ ಬರುತ್ತದೆ. ಶಾಮಿಯಾನ, ಸಾಲಾಗಿ ನಿಲ್ಲಿಸಿದ ಹೊಸ ಗಾಲಿಕುರ್ಚಿಗಳು, ಅವುಗಳ ಹಿಡಿಕೆ ಹಿಡಿದು ನಿಂತ ಗಣ್ಯರು. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರುವುದಿಲ್ಲ. ಕೊಡುವವರ ಒಳ್ಳೆಯ ಮನಸ್ಸಿನ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವರು ಆ ಕುರ್ಚಿಯಲ್ಲಿ ಕೂತ ಮೇಲೆ ಮೂತ್ರ ಮಾಡುವುದು ಹೇಗೆ ಎಂದು ವೇದಿಕೆಯ ಮೇಲಿದ್ದವರು ಕೇಳುವುದಿಲ್ಲ. ಕೇಳಲು ಸಂಕೋಚ, ಹೇಳಲು ಅದಕ್ಕಿಂತ ಹೆಚ್ಚು ಸಂಕೋಚ.

ತೀರ್ಥಹಳ್ಳಿ ಕಡೆಯ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಒಬ್ಬ ಕೊನೆಗೌಡರ ವಿಷಯ ಇಲ್ಲಿ ಹೇಳಬೇಕು. ಮಳೆಗಾಲ ಮುಗಿದು ಕೊಯ್ಲು ಶುರುವಾದ ಹೊಸತರಲ್ಲಿ ಅಡಿಕೆ ಮರದಿಂದ ಬಿದ್ದರು. ಬೆನ್ನುಹುರಿಗೆ ಏಟು, ಕುತ್ತಿಗೆಯ ಆರನೇ ಮಟ್ಟದಲ್ಲಿ. ಮೊಣಕೈ ಮಡಚುತ್ತಾರೆ, ಮಣಿಕಟ್ಟು ಎತ್ತುತ್ತಾರೆ, ಬೆರಳುಗಳಲ್ಲಿ ಮಾತ್ರ ಹಿಡಿತವಿಲ್ಲ. ಆಪರೇಷನ್ ಆಗಿ ಮನೆಗೆ ಬರುವಾಗ ಮೂತ್ರಕ್ಕೆ ಒಳಗೇ ಉಳಿಯುವ ಫೋಲಿ ಪೈಪು, ಅದರ ತುದಿಗೊಂದು ಚೀಲ. ‘ತಿಂಗಳಿಗೊಮ್ಮೆ ಬದಲಿಸಿ’ ಎಂದು ಚೀಟಿಯಲ್ಲಿ ಬರೆದಿತ್ತು. ಎಲ್ಲಿ, ಯಾರು ಬದಲಿಸಬೇಕು ಎಂಬುದು ಚೀಟಿಯಲ್ಲಿ ಇರಲಿಲ್ಲ.

ಆರು ತಿಂಗಳ ನಂತರ ಒಂದು ಸಂಜೆ ಅವರಿಗೆ ತಲೆ ಸಿಡಿಯುವಷ್ಟು ನೋವು. ಮುಖ ಕೆಂಪಗೆ, ಹಣೆಯಿಂದ ಬೆವರು ಧಾರೆ, ಕಾಲು ಮಾತ್ರ ತಣ್ಣಗೆ. ಈ ಪತ್ರ ಬರೆಯುತ್ತಿರುವ ನೆರೆಮನೆಯವನೇ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದ. ಬಿಪಿ 190/110. ಮೇಲಿನ ಅಂಕಿ ಯಾವಾಗಲೂ 100ರ ಆಸುಪಾಸಿನಲ್ಲಿರುವ ಮನುಷ್ಯ. ಡ್ಯೂಟಿಯಲ್ಲಿದ್ದ ಡಾಕ್ಟರು ಮಲಗಿಸಿ, ತಲೆನೋವಿಗೆ ಇಂಜೆಕ್ಷನ್ ಬರೆದರು. ಅಷ್ಟರಲ್ಲಿ ಹೆಂಡತಿ ಹೊದಿಕೆ ಸರಿಸಿ ನೋಡಿ, ‘ಪೈಪು ತೊಡೆ ಅಡಿ ಸಿಕ್ಕಂಡ್ ಬಿಟ್ಟೈತೆ ಡಾಕ್ಟ್ರೆ’ ಎಂದು ಕೂಗಿ, ಮಡಚಿದ್ದನ್ನು ತಾನೇ ನೆಟ್ಟಗೆ ಮಾಡಿದಳು. ಚೀಲಕ್ಕೆ ಮೂತ್ರ ಭರಭರನೆ ಇಳಿಯಿತು. ಮುಕ್ಕಾಲು ಲೀಟರು. ಹತ್ತು ನಿಮಿಷಕ್ಕೆ ಬಿಪಿ 120ಕ್ಕೆ ಬಂತು. ಇಂಜೆಕ್ಷನ್ ಇನ್ನೂ ಸಿರಿಂಜಿನಲ್ಲೇ ಇತ್ತು.

ಇದಕ್ಕೆ ವೈದ್ಯರ ಭಾಷೆಯಲ್ಲಿ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಎದೆಯ ಆರನೇ ಬೆನ್ನುಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರುವ ತೊಂದರೆ ಇದು. ಮೂತ್ರಕೋಶ ತುಂಬಿ ಬಿಗಿದರೂ ಅವರಿಗೆ ಒಂದಕ್ಕೆ ಬಂದಿದೆ ಎಂದು ಗೊತ್ತಾಗುವುದಿಲ್ಲ. ಕೆಳಗಿನ ನರಗಳಿಗೆ ಮಾತ್ರ ಗೊತ್ತಾಗುತ್ತದೆ. ಅವು ರಕ್ತನಾಳಗಳನ್ನು ಹಿಂಡಿ ಬಿಪಿ ಏರಿಸುತ್ತವೆ. ‘ಸಾಕು, ಸಡಿಲಿಸು’ ಎಂದು ಮಿದುಳು ಕಳಿಸುವ ಸಂದೇಶ ಪೆಟ್ಟಾದ ಜಾಗ ದಾಟಿ ಇಳಿಯುವುದೇ ಇಲ್ಲ. ಹೀಗೇ ಬಿಟ್ಟರೆ ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು. ಮಾಡಬೇಕಾದದ್ದು ಬಲು ಸರಳ: ಎದ್ದು ಕೂರಿಸುವುದು, ಬಿಗಿ ಬಟ್ಟೆ ಸಡಿಲಿಸುವುದು, ಪೈಪು ನೋಡುವುದು. ಆ ಸಂಜೆ ಮಲಗಿಸಿದ್ದು ತಪ್ಪು. ಡಾಕ್ಟರರನ್ನು ದೂರಿ ಫಲವಿಲ್ಲ. ಇಂಥ ರೋಗಿಗಳನ್ನು ಅವರು ಎಷ್ಟು ನೋಡಿರಬಹುದು? ಆದರೆ ಬೆನ್ನುಹುರಿ ಪೆಟ್ಟಿನ ಪ್ರತಿ ರೋಗಿಯ ಜೇಬಿನಲ್ಲಿ ಇದಿಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಕಾರ್ಡು ಇಟ್ಟು ಕಳಿಸಲು ಏನು ಅಡ್ಡಿ?

ಪೈಪಿನ ಈ ಪಾಠ ಹೊಸದೇನಲ್ಲ. ಒಂದನೇ ಮಹಾಯುದ್ಧದಲ್ಲಿ ಬೆನ್ನುಹುರಿ ಮುರಿದುಕೊಂಡ ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಒತ್ತುಹುಣ್ಣು ಮತ್ತು ಮೂತ್ರದ ಸೋಂಕಿನಿಂದ. ಹಿಟ್ಲರನ ಜರ್ಮನಿಯಿಂದ ಪಾರಾಗಿ ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್‌ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ವಿಭಾಗ ತೆರೆದರು. ಪ್ಯಾರಾಲಿಂಪಿಕ್ಸ್‌ನ ಜನಕ ಎಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ಹೊತ್ತುಹೊತ್ತಿಗೆ ಪೈಪು ಹಾಕಿ ಮೂತ್ರ ತೆಗೆದು, ಪೈಪನ್ನು ಮತ್ತೆ ಹೊರಗೆಳೆಯುವ ಕ್ರಮವನ್ನು ಅವರು ಅಷ್ಟೇ ಹಟದಿಂದ ನಡೆಸಿದ್ದು ಕಡಿಮೆ ಜನಕ್ಕೆ ಗೊತ್ತು. 1972ರಲ್ಲಿ ಅಮೆರಿಕದ ಮಿಷಿಗನ್‌ನ ಜಾಕ್ ಲ್ಯಾಪಿಡಿಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ, ಶುಚಿಯಾದ ಪೈಪು ಸಾಕು ಎಂದು ತೋರಿಸಿದರು. ಉಬ್ಬಿ ಬಿಗಿದ ಮೂತ್ರಕೋಶದ ಗೋಡೆಗೆ ರಕ್ತ ಸರಿಯಾಗಿ ಹರಿಯದೆ ಸೋಂಕು ನೆಲೆಯೂರುತ್ತದೆ; ಆದ್ದರಿಂದ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂಬುದು ಅವರ ವಾದವಾಗಿತ್ತು. ಮಡಿಯ ವಿಚಾರದಲ್ಲಿ ಪಳಗಿದ ನಮ್ಮ ಮನೆಗಳಿಗೆ ಇದು ಕಲಿಯಲಾಗದ ವಿದ್ಯೆಯೇನಲ್ಲ.

ಈ ಕ್ರಮದಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ, ಮೂತ್ರ ಅರ್ಧ ಲೀಟರು ಮೀರುವ ಮೊದಲೇ ತೆಗೆಯಬೇಕು. ಬೆರಳು ಆಡದವರಿಗೆ ಇದನ್ನು ಇನ್ನೊಬ್ಬರೇ ಮಾಡಬೇಕು. ಅಂದರೆ ಹೆಂಡತಿ ಅಥವಾ ತಾಯಿ. ಬೆಳಗಿನ ಐದಕ್ಕೆ, ರಾತ್ರಿ ಹನ್ನೊಂದಕ್ಕೆ, ನಡುವೆ ತೋಟದ ಕೆಲಸ ಬಿಟ್ಟು ಓಡಿ ಬಂದು. ದಿನಕ್ಕೆ ಐದರಂತೆ ತಿಂಗಳಿಗೆ 150 ಪೈಪು. ಒಂದಕ್ಕೆ ಇಪ್ಪತ್ತು ರೂಪಾಯಿ ಅಂತಿಟ್ಟುಕೊಂಡರೂ 3,000. ಶೇ 75ಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ರಾಜ್ಯ ಕೊಡುವ ಮಾಸಾಶನ 1,400 ರೂಪಾಯಿ. ಹಾಗಾಗಿ ತೊಳೆದು, ಒಣಗಿಸಿ, ಮತ್ತೆ ಬಳಸುತ್ತಾರೆ. ಅದೂ ಆಗದವರು ಒಳಗೇ ಇರುವ ಫೋಲಿಗೆ ಒಪ್ಪಿಕೊಳ್ಳುತ್ತಾರೆ. ಹೊಟ್ಟೆಯ ಕೆಳಭಾಗದಲ್ಲಿ ಸಣ್ಣ ರಂಧ್ರ ಮಾಡಿ ಪೈಪು ಕೂರಿಸುವ ಇನ್ನೊಂದು ದಾರಿಯೂ ಇದೆ. ನೋಡಿಕೊಳ್ಳಲು ಸುಲಭ, ದಾಂಪತ್ಯಕ್ಕೂ ಅಡ್ಡಿ ಕಡಿಮೆ. ಅದನ್ನು ಕೊನೆಗೌಡರ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಪೈಪು ಒಳಗಿದ್ದವರ ಮೂತ್ರ ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಸಿಗುವುದು ಹೆಚ್ಚುಕಡಿಮೆ ಖಚಿತ. ಜ್ವರ, ಚಳಿ, ಕಾಲಿನ ಸೆಳೆತ ಹೆಚ್ಚಾಗುವುದು, ಅಕಾರಣ ಬೆವರುವುದು ಇತ್ಯಾದಿ ಲಕ್ಷಣ ಇಲ್ಲದಿದ್ದರೆ ಅದಕ್ಕೆ ಆ್ಯಂಟಿಬಯೋಟಿಕ್ ಬೇಡ ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ಆದರೂ ಲ್ಯಾಬ್ ರಿಪೋರ್ಟಿನಲ್ಲಿ ‘ಪಸ್ ಸೆಲ್ಸ್’ ಕಂಡ ಕೂಡಲೇ ಐದು ದಿನದ ಮಾತ್ರೆ. ಹೀಗೆ ನುಂಗಿ ನುಂಗಿ, ನಿಜಕ್ಕೂ ಜ್ವರ ಬಂದ ದಿನ ಮಾತ್ರೆ ನಾಟುವುದಿಲ್ಲ. ಮದುವೆಗೋ ತೇರಿಗೋ ಹೊರಡುವ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುವುದು ಇನ್ನೊಂದು ಕಥೆ. ಹೋದ ಕಡೆ ಮಲಗಿಸಿ ಪೈಪು ಹಾಕುವಷ್ಟು ಜಾಗ ಯಾವ ಶೌಚಾಲಯದಲ್ಲಿದೆ?

ಕಾನೂನಿಗೇನೂ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಆದಾಯಮಿತಿಗೆ ಒಳಪಟ್ಟು ಉಚಿತ ಸಲಕರಣೆ, ಔಷಧಿ, ತಪಾಸಣೆಯ ಮಾತಾಡುತ್ತದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಹೇಳುತ್ತದೆ. 2024-25ರ ರಾಜ್ಯ ಬಜೆಟ್ ತಿಂಗಳಿಗೆ 1,000 ರೂಪಾಯಿಯ ಆರೈಕೆದಾರರ ಭತ್ಯೆ ಘೋಷಿಸಿದಾಗ ಹೆಸರಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಯವರನ್ನು. ಅವರಿಗೆ ಸಿಗಲೇಬೇಕು. ಮರದಿಂದ ಬಿದ್ದು ಕುತ್ತಿಗೆ ಮುರಿದವನ ಹೆಂಡತಿ ಆ ಪಟ್ಟಿಯಲ್ಲಿ ಯಾಕಿರಲಿಲ್ಲ?

ಪಕ್ಕದ ಕೇರಳದಲ್ಲಿ 2008ರಲ್ಲೇ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ನೀತಿ ಬಂತು. ಅಲ್ಲಿ ಪಂಚಾಯ್ತಿಯ ನರ್ಸು ಹಾಸಿಗೆ ಹಿಡಿದವರ ಮನೆಗೇ ಹೋಗಿ ಪೈಪು ಬದಲಿಸುತ್ತಾರೆ. ನಮ್ಮಲ್ಲೂ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಸಿಬ್ಬಂದಿ ಮನೆ ಬಾಗಿಲಿಗೆ ಬರುತ್ತಾರೆ. ಅದೇ ಚೀಲದಲ್ಲಿ ಒಂದು ಫೋಲಿ, ಒಂದು ಜೊತೆ ಗ್ಲೌಸು, ಒಂದು ಜೆಲ್ಲಿ ಟ್ಯೂಬು ಹಿಡಿಸುವುದಿಲ್ಲವೆ? ಗ್ರಾಮ ಪಂಚಾಯ್ತಿಗಳಲ್ಲಿ ಅಂಗವಿಕಲರಿಗೆಂದು ಶೇ 5ರ ಹಣ ಮೀಸಲಿದೆ, ಕೈಹಿಡಿದು ನಡೆಸಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆ ಹಣದಲ್ಲಿ ಪೈಪು ಕೊಡಿ ಎಂಬುದಷ್ಟೇ ಈ ಪತ್ರದ ಕೋರಿಕೆ.

ಕೊನೆಗೌಡರ ಹೆಂಡತಿ ಕೇಳಿಯೂ ನೋಡಿದಳು. ಅರ್ಜಿಯಲ್ಲಿ ‘ಬೇಕಾದ ಸಲಕರಣೆ’ ಎಂಬ ಜಾಗದಲ್ಲಿ ಮಗಳ ಕೈಯಲ್ಲಿ ‘ಉಚ್ಚೆ ಪೈಪು, ತಿಂಗಳಿಗೆ ಒಂದು; ಚೀಲ, ಎರಡು’ ಎಂದು ಬರೆಸಿದ್ದಳು. ಕಚೇರಿಯಲ್ಲಿ ಅದನ್ನು ಓದಿದವರು ನಕ್ಕು, ‘ಗಾಲಿಕುರ್ಚಿ ಅಂತ ಬರೀರಿ, ಬೇಗ ಆಗುತ್ತೆ’ ಎಂದರಂತೆ. ಅವರ ಜಗಲಿಯಲ್ಲಿ ಈಗಾಗಲೇ ಎರಡು ಗಾಲಿಕುರ್ಚಿ ಇವೆ. ಒಂದರ ಮೇಲೆ ಸಿಪ್ಪೆಗೋಟು ಅಡಿಕೆ ಒಣಗುತ್ತಿದೆ.

— ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು