ಸಾಹೇಬ್ರು ಒಳ್ಳೆಯವರಾದರೆ ಸಾಕಾ?



ಮೊನ್ನೆ ಒಬ್ಬ ತಮ್ಮ ಫೋನ್ ಮಾಡಿದ್ದ. ಸರ್ಕಾರಿ ಕಚೇರಿಯೊಂದರಲ್ಲಿ ಎಸ್‌ಡಿಎ. "ಅಣ್ಣಾ, ಹೊಸ ಸಾಹೇಬ್ರು ಬಂದ್ಮೇಲೆ ಆಫೀಸೇ ಬದಲಾಗಿದೆ. ನನ್ನ 'ಕೋಟಾ' ಅಂತ ಕರೀತಿದ್ದವರೇ ಈಗ ಹೆಸರು ಹೇಳಿ, ಬನ್ನಿ ಹೋಗಿ ಅಂತಾರೆ" ಅಂದ. ಖುಷಿಯಾಯ್ತು. ಫೋನ್ ಇಟ್ಟ ಮೇಲೆ ಒಂದು ಪ್ರಶ್ನೆ ಕೊರೆಯೋಕೆ ಶುರುವಾಯ್ತು. ಈ ಸಾಹೇಬ್ರಿಗೆ ನಾಳೆ ವರ್ಗಾವಣೆ ಆದರೆ?

ಯಾಕಂದ್ರೆ ಅಲ್ಲಿರೋದು ಅದೇ ಜನ, ಅದೇ ಟೇಬಲ್ಲು. ಯಾರ ಮನಸ್ಸೂ ಬದಲಾಗಿಲ್ಲ, ಮೇಲಿನವರ ಮುಖ ನೋಡಿ ನಾಲಿಗೆ ಬದಲಾಗಿದೆ ಅಷ್ಟೇ. ಹಿಂದಿನ ಸಾಹೇಬ್ರು ತಾವಾಗಿ ಏನೂ ಅಂದವರಲ್ಲವಂತೆ. ಬೇರೆಯವರು ಅಂದಾಗ ನಕ್ಕು ಸುಮ್ಮನಾಗ್ತಿದ್ದರಂತೆ. ಕೆಳಗಿನವರಿಗೆ ಅಷ್ಟು ಅಪ್ಪಣೆ ಸಾಕಾಗಿತ್ತು.

ಬಾಬಾಸಾಹೇಬರ ಬರೋಡಾ ದಿನಗಳನ್ನ ನೆನಪಿಸಿಕೊಳ್ಳಿ. 1917. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಅಧಿಕಾರಿ. ಜವಾನರು ಫೈಲನ್ನ ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರು. ಅವರನ್ನ ವಿದೇಶಕ್ಕೆ ಕಳಿಸಿ ಓದಿಸಿದ್ದು ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರೇ. ಅಂದರೆ ಇಡೀ ಸಂಸ್ಥಾನದ ಯಜಮಾನ ಅವರ ಪರ ಇದ್ದ. ಆದರೂ ಊರಲ್ಲಿ ಉಳಿಯೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಕೆಲಸ ಬಿಟ್ಟು ಬಾಂಬೆಗೆ ಮರಳಬೇಕಾಯ್ತು. ದೊರೆಯ ಒಳ್ಳೆಯತನ ಅರಮನೆ ಮೆಟ್ಟಿಲಿಳಿದು ಜವಾನನ ಕೈವರೆಗೂ ಬರಲಿಲ್ಲ.

ಅದೇ ಬಾಬಾಸಾಹೇಬರು 1942ರಲ್ಲಿ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದಾಗ, "ಮಾಲೀಕರೇ, ದಯೆ ತೋರಿಸಿ" ಅಂತ ಭಾಷಣ ಮಾಡುತ್ತಾ ಕೂರಲಿಲ್ಲ. ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. 1946ರಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಮಾಲೀಕ ಒಳ್ಳೆಯವನಾಗಿರಲಿ, ಕೆಟ್ಟವನಾಗಿರಲಿ, 48 ಅಂದರೆ 48.

ಅದಕ್ಕೇ ಆ ತಮ್ಮನಿಗೆ ತಿರುಗಿ ಫೋನ್ ಮಾಡಿ ಹೇಳಿದೆ: "ಈ ಸಾಹೇಬ್ರು ಇರೋವಾಗ್ಲೇ ಒಂದು ಲಿಖಿತ ಆದೇಶ ಮಾಡಿಸ್ಕೊಳ್ಳಿ. ಜಾತಿ ಹಿಡಿದು ಮಾತಾಡಿದರೆ ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ವಿಚಾರಣೆಗೆ ನಮ್ಮವರು ಯಾರು ಕೂರ್ತಾರೆ, ಎಲ್ಲಾ ಅದರಲ್ಲಿರಲಿ. ಸಾಹೇಬ್ರು ಹೋಗ್ತಾರೆ, ಕಾಗದ ಉಳಿಯುತ್ತೆ."

ಇಷ್ಟು ಹೇಳಿ ಮುಗಿಸಿದ್ದರೆ ನಾನೂ ಸುಳ್ಳುಗಾರನೇ. ನಮ್ಮ ಸಂಘಟನೆಗಳ ಕಥೆ ಏನು? ಸಭೆ ಮುಗಿದ ಮೇಲೆ ಟೀ ಲೋಟ ತೊಳೆಯೋರು ಯಾರು? ಧರಣಿಗೆ ಜನ ಕರೆತರೋದು ಅಕ್ಕಂದಿರು, ಮೈಕು ಮಾತ್ರ ಅಣ್ಣಂದಿರ ಕೈಲಿ. ಅಧ್ಯಕ್ಷರು ಹುಡುಗನೊಬ್ಬನ ಮೇಲೆ ರೇಗಿದರೆ, ಮರುದಿನ ನಾವೆಲ್ಲಾ ಅವನನ್ನ ಮಾತಾಡಿಸೋದು ಬಿಡ್ತೀವಿ. ನಾನೂ ಬಿಟ್ಟಿದ್ದೀನಿ. ಆಗ ನಾವು ಆ ಕಚೇರಿಯವರಿಗಿಂತ ಹೇಗೆ ಬೇರೆ?

ಮುಂದಿನ ಸಭೆಯಲ್ಲಿ ನಾನು ಎರಡು ಮಾತು ಇಡ್ತೀನಿ. ಒಂದು, ಪದಾಧಿಕಾರಿಗಳಿಗೆ ಎರಡೇ ಅವಧಿ. ಇನ್ನೊಂದು, ಖಜಾಂಚಿ ಮತ್ತು ಕಾರ್ಯದರ್ಶಿ ಸ್ಥಾನಗಳಲ್ಲಿ ಒಂದಾದರೂ ಹೆಣ್ಣುಮಕ್ಕಳಿಗೆ. ಒಪ್ಪದವರು ಸಭೆಗೆ ಬಂದು ಎದುರಿಗೇ ಹೇಳಿ. ಲೋಟ ಅವತ್ತು ನಾನು ತೊಳೀತೀನಿ.

ಜೈಭೀಮ್.