ಆ 42 ನಿಮಿಷ ಅವಳನ್ನು ಕರೀಬೇಡಿ

'ಎಂಬಿಬಿಎಸ್ ಮುಗೀತಲ್ಲ, ಇನ್ನೆಂಥ ಓದು?' ಮನೆಯಲ್ಲಿ ಮಗಳೋ ಸೊಸೆಯೋ ಪಿಜಿ ನೀಟ್‌ಗೆ ಓದ್ತಾ ಇದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. ಏಮ್ಸ್, ನಿಮ್ಹಾನ್ಸ್‌ನಂಥ ಕೆಲವು ಸಂಸ್ಥೆ ಬಿಟ್ಟರೆ ಎಂಡಿ, ಎಂಎಸ್, ಡಿಎನ್‌ಬಿ ಎಲ್ಲಕ್ಕೂ ಇದೇ ಬಾಗಿಲು.

ಕಷ್ಟ ಓದಿನದಷ್ಟೇ ಅಲ್ಲ, ತಾರೀಖಿನದೂ ಹೌದು. 2024ರ ಜೂನ್ 23ಕ್ಕಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ನಡೆದದ್ದು ಆಗಸ್ಟ್ 11ಕ್ಕೆ, ಎರಡು ಪಾಳಿಯಲ್ಲಿ. 2025ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಪಾಳಿ ಸಾಕು ಎಂದಿತು. ಎರಡು ಪ್ರಶ್ನೆಪತ್ರಿಕೆ ಒಂದೇ ತೂಕದವಾಗಿರಲ್ಲ, ಹಾಗಾಗಿ ಅದು ನ್ಯಾಯವೇ. ಆದರೆ ಜೂನ್ 15ರ ಪರೀಕ್ಷೆ ಆಗಸ್ಟ್ 3ಕ್ಕೆ ಹೋಯ್ತು. ಹುಡುಗರಿಗಾದರೆ ಇದು ಇನ್ನೆರಡು ತಿಂಗಳ ಓದು. ಮಗುವನ್ನು ತವರಲ್ಲಿ ಬಿಟ್ಟು ಓದುವವಳಿಗೆ? ಮದುವೆ ಗೊತ್ತಾದವಳಿಗೆ? ದಯವಿಟ್ಟು ಪರೀಕ್ಷೆಯ ಮರುವಾರಕ್ಕೇ ಛತ್ರ ಬುಕ್ ಮಾಡಬೇಡಿ.

ಒಟ್ಟು 200 ಪ್ರಶ್ನೆ, ಮೂರೂವರೆ ಗಂಟೆ. 2024 ಮತ್ತು 2025ರಲ್ಲಿ ಅದನ್ನು ಐದು ಭಾಗ ಮಾಡಿದ್ದರು. 40 ಪ್ರಶ್ನೆಗೆ 42 ನಿಮಿಷ, ಮುಗಿದ ಭಾಗಕ್ಕೆ ಮತ್ತೆ ಹೋಗುವಂತಿಲ್ಲ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಇದರ ಅಭ್ಯಾಸಕ್ಕೆ ಮನೆಯ ಗಡಿಯಾರವೇ ಸಾಕು. ಅವಳು ಬಾಗಿಲು ಹಾಕಿಕೊಂಡ ಆ 42 ನಿಮಿಷ 'ಮಗು ಅಳ್ತಿದೆ', 'ಯಾರೋ ಬಂದಿದಾರೆ, ಕಾಫಿ ಇಡು' ಅಂತ ಕರೀಬೇಡಿ. ಕಾಫಿ ಮಾಡೋಕೆ ನಿಮ್ಮ ಮಗನಿಗೂ ಬರುತ್ತೆ, ಅತ್ತೆಯವರೇ!

ಪ್ರತಿ ವರ್ಷ ಮಾಹಿತಿ ಪುಸ್ತಿಕೆ ಬಂದ ದಿನವೇ ನಿಯಮ ಬದಲಾಗಿದೆಯೇ ನೋಡಿಕೊಂಡು, ಅಭ್ಯಾಸವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.