ಹಳೆಯ ಬೈಕಿನ ದುರಸ್ತಿಯೂ ಪರಿಸರದ ಪ್ರಶ್ನೆಯೇ

ಮಳೆಗಾಲ ಮುಗಿದು ಜಂಬಿಟ್ಟಿಗೆ ರಸ್ತೆಗಳ ಕೆಸರು ಒಣಗುತ್ತಿದ್ದಂತೆ ಮಲೆನಾಡಿನ ಪೇಟೆಗಳ ಗ್ಯಾರೇಜುಗಳ ಮುಂದೆ ಹಳೆಯ ಬೈಕುಗಳ ಸಾಲು ಬೆಳೆಯುತ್ತದೆ. ನಾಲ್ಕು ತಿಂಗಳ ನೀರು, ಕೆಸರು ಮತ್ತು ಘಾಟಿಯ ಏರಿಗೆ ಮೊದಲು ಸೋಲುವ ಭಾಗಗಳೆಂದರೆ ಸೈಲೆನ್ಸರ್, ಚೈನ್ ಮತ್ತು ಚೈನ್ ಸುತ್ತುವ ಎರಡು ಹಲ್ಲುಗಾಲಿಗಳು, ಅಂದರೆ ಸ್ಪ್ರಾಕೆಟ್‌ಗಳು. ಇವನ್ನು ಬದಲಿಸುವಾಗ ಯಾವುದನ್ನು ಆರಿಸಬೇಕೆಂಬುದು ಬೈಕಿನ ಒಡೆಯನ ಕಿಸೆಗಷ್ಟೇ ಸಂಬಂಧಿಸಿದ ಸಂಗತಿಯೆಂದು ತೋರಬಹುದು. ವಾಸ್ತವದಲ್ಲಿ ಅದು ಊರಿನ ನಿದ್ದೆ, ಹಳ್ಳದ ನೀರು, ಕಾಡಿನ ಜೀವಿಗಳು ಮತ್ತು ಸವಾರನ ಪ್ರಾಣ, ಇಷ್ಟಕ್ಕೂ ಸಂಬಂಧಿಸಿದ ನಿರ್ಧಾರವಾಗಿದೆ.

ಪರಿಸರದ ಹೆಸರಿನಲ್ಲಿ ಬೈಕನ್ನೇ ದೂಷಿಸುವುದು ಸುಲಭ. ಆದರೆ ದಿನಕ್ಕೆ ಒಂದೋ ಎರಡೋ ಬಸ್ಸು ಬರುವ ಊರುಗಳಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಜ್ವರ ಬಂದ ಮಗು ಎಲ್ಲವೂ ಪೇಟೆ ಸೇರುವುದು ಅದರ ಮೇಲೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಯೆಜ್ದಿಗಳಲ್ಲಿ ಕೆಲವು ಇಂದಿಗೂ ರಸ್ತೆಯಲ್ಲಿವೆ. ಇರುವ ವಾಹನವನ್ನು ಸರಿಪಡಿಸಿ ಬಾಳಿಸುವುದೆಂದರೆ ಹೊಸ ವಾಹನಕ್ಕೆ ಬೇಕಾಗುವ ಲೋಹವನ್ನು ಉಳಿಸುವುದೂ ಹೌದು. ಆ ಲೋಹ ಎಲ್ಲಿಂದ ಬರುತ್ತದೆ, ಅದಕ್ಕೆ ಬೆಟ್ಟ ಮತ್ತು ನದಿ ತೆರುವ ಬೆಲೆ ಎಷ್ಟು ಎಂಬುದನ್ನು 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖ ಮಲೆನಾಡಿಗೆ ಚೆನ್ನಾಗಿ ಕಲಿಸಿದೆ. ಆದರೆ ದುರಸ್ತಿ ಸರಿಯಾಗಿದ್ದರೆ ಮಾತ್ರ ಈ ವಾದಕ್ಕೆ ಬೆಲೆ. ಹೊಗೆ ಕಾರುತ್ತ, ಗುಡ್ಡ ನಡುಗಿಸುತ್ತ ಓಡುವ ಹಳೆಯ ಬೈಕು ಯಾವ ಉಳಿತಾಯವನ್ನೂ ಮಾಡುವುದಿಲ್ಲ.

ಸೈಲೆನ್ಸರ್ ಹೊರಗಿನಿಂದ ತುಕ್ಕು ಹಿಡಿಯುವುದಕ್ಕಿಂತ ಹೆಚ್ಚಾಗಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ; ಬೈಕನ್ನು ಸ್ವಲ್ಪವೇ ದೂರ ಓಡಿಸಿ ನಿಲ್ಲಿಸಿದರೆ ಆ ಆವಿ ಕೊಳವೆಯೊಳಗೇ ತಣಿದು ನಿಲ್ಲುತ್ತದೆ. ತೂತು ಬಿದ್ದ ಸೈಲೆನ್ಸರಿಗೆ ಬದಲಾಗಿ ಒಳಗೆ ತಡೆಯೇ ಇಲ್ಲದ ಟೊಳ್ಳು ಕೊಳವೆ ಹಾಕಿಸಿದರೆ ಬಲ ಹೆಚ್ಚುತ್ತದೆ ಎಂಬ ನಂಬಿಕೆ ಯುವಕರಲ್ಲಿ ಬೇರೂರಿದೆ. ಯೆಜ್ದಿ, ಆರ್‌ಎಕ್ಸ್ 100ರಂತಹ ಟೂ ಸ್ಟ್ರೋಕ್ ಬೈಕುಗಳಲ್ಲಿ ಇದು ಬಹುಮಟ್ಟಿಗೆ ತಿರುಗುಮುರುಗು. ಅವುಗಳಲ್ಲಿ ಉರಿಯದ ಪೆಟ್ರೋಲಿನ ಒಂದು ಭಾಗ ಹೊಗೆಯೊಂದಿಗೆ ಹೊರಬೀಳುತ್ತದೆ. ಸೈಲೆನ್ಸರಿನ ಒಳ ಆಕಾರದಿಂದ ಹಿಂದಿರುಗುವ ಒತ್ತಡದ ಅಲೆಯೇ ಅದನ್ನು ಸಿಲಿಂಡರಿಗೆ ಮರಳಿ ನೂಕುತ್ತದೆ. ಆ ಆಕಾರ ಕೆಟ್ಟರೆ ಪೆಟ್ರೋಲ್ ಪೋಲಾಗಿ, ಏರಿನಲ್ಲಿ ಎಳೆತವೂ ಕುಗ್ಗುತ್ತದೆ. ಈಚಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಂತೂ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅನೇಕ ವೇಳೆ ಸೈಲೆನ್ಸರಿನೊಳಗೇ ಇರುತ್ತದೆ. ಕೊಳವೆ ಬದಲಾದರೆ ಅದೂ ಹೋಯಿತು.

ಆದುದರಿಂದ ಕಂಪನಿಯ ಸೈಲೆನ್ಸರ್ ಸಿಗುವುದಾದರೆ ಅದೇ ಮೊದಲ ಆಯ್ಕೆ. ತಯಾರಿಕೆ ನಿಂತ ಬೈಕಾಗಿದ್ದರೆ ಉದ್ದ, ಸುತ್ತಳತೆ, ಒಳಗಿನ ತಡೆಕೊಳವೆ ಮೂಲದಂತೆಯೇ ಇರುವ, ಕೈಯಲ್ಲಿ ಎತ್ತಿದಾಗ ತಕ್ಕಷ್ಟು ತೂಕವಿರುವ ಬದಲಿಯನ್ನು ಆರಿಸಬೇಕು. ಟೂ ಸ್ಟ್ರೋಕಿನ ಸೈಲೆನ್ಸರ್ ಬರಿಯ ಮಸಿ ಕಟ್ಟಿದ್ದರೆ ಬದಲಿಸುವ ಅಗತ್ಯವೇ ಇಲ್ಲ, ಮಸಿ ತೆಗೆಸಿದರೆ ಸಾಕು.

ಶಬ್ದದ ಪ್ರಶ್ನೆ ಇನ್ನೂ ದೊಡ್ಡದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45. ಶಾಲೆ ಮತ್ತು ಆಸ್ಪತ್ರೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಅದು 50 ಮತ್ತು 40. ಕಣಿವೆಯಲ್ಲಿ ಒಂದು ಬೈಕಿನ ಸದ್ದು ಆಚೆ ದಂಡೆಯ ಮನೆಗೂ ಕೇಳುತ್ತದೆ. ಕತ್ತಲೆಯಲ್ಲಿ ಜೊತೆಗಾರನನ್ನು ಕೂಗಿ ಕರೆಯುವ ಕಪ್ಪೆಗೆ, ಸದ್ದು ಆಲಿಸಿ ಬೇಟೆ ಹುಡುಕುವ ಗೂಬೆಗೆ ಕಿವಿಯೇ ಬದುಕು. ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಶಬ್ದ ಹಾಗೂ ವಾಯು ಮಾಲಿನ್ಯದ ಮಿತಿ ಮೀರುವವರಿಗೆ 10,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಚೈನಿನ ವಿಷಯದಲ್ಲಿ ತಪ್ಪು ಆಯ್ಕೆಗೆ ತೆರುವ ಬೆಲೆ ಪ್ರಾಣವೇ ಆಗಬಹುದು. ಇಳಿಜಾರಿನ ತಿರುವಿನಲ್ಲಿ ಚೈನ್ ತುಂಡಾಗಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಂತುಬಿಡಬಹುದು. ಸವೆತ ತಿಳಿಯುವ ಉಪಾಯ ಸರಳ: ಹಿಂದಿನ ಸ್ಪ್ರಾಕೆಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಎಳೆದಾಗ ಹಲ್ಲಿನ ಅರ್ಧದಷ್ಟು ಹೊರಗೆ ಕಂಡರೆ ಅದರ ಆಯಸ್ಸು ತೀರಿತು. ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಸವೆದ ಸ್ಪ್ರಾಕೆಟಿನ ಮೇಲೆ ಹೊಸ ಚೈನ್ ಹಾಕಿದರೆ ಅದು ಬಹುಬೇಗ ಹಾಳಾಗುವುದರಿಂದ ಮೂರನ್ನೂ ಒಟ್ಟಿಗೆ, ಸೆಟ್ಟಾಗಿಯೇ ಬದಲಿಸುವುದು ನಿಜವಾದ ಮಿತವ್ಯಯ. ಚೈನಿನ ಕೊಂಡಿಗೆ ಲಾಕ್ ಹಾಕುವಾಗ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇದೆಯೇ ಎಂದು ಒಡೆಯನೇ ನೋಡಿಕೊಳ್ಳಬೇಕು.

ಘಾಟಿಯಲ್ಲಿ ಎಳೆತ ಹೆಚ್ಚಲೆಂದು ಮುಂದಿನ ಸ್ಪ್ರಾಕೆಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸುವವರಿದ್ದಾರೆ. 14 ಹಲ್ಲಿಗೆ ಬದಲು 13 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ನೂರಕ್ಕೆ ಎಂಟರಷ್ಟು ಹೆಚ್ಚು ಸುತ್ತಬೇಕು. ಸಮತಟ್ಟಿನ ದಾರಿಯಲ್ಲಿ ಪೆಟ್ರೋಲೂ ಸದ್ದೂ ಹೆಚ್ಚುತ್ತವೆ. ಸಣ್ಣ ಗಾಲಿಯ ಮೇಲೆ ಚೈನ್ ಹೆಚ್ಚು ಬಾಗಿ ಬೇಗ ಸವೆಯುತ್ತದೆ. ದಿನವೂ ಹೊರೆ ಹೊತ್ತು ಕಡಿದಾದ ಏರು ಹತ್ತುವವರಿಗೆ ಇದು ಸರಿಯಿರಬಹುದು. ಉಳಿದವರಿಗೆ ಕಂಪನಿ ಇಟ್ಟ ಲೆಕ್ಕವೇ ಸಾಕು, ಏರಿನಲ್ಲಿ ಗೇರು ಇಳಿಸಿದರಾಯಿತು.

ಅಂದಕ್ಕೆಂದು ಚೈನ್ ಕವರ್ ಕಿತ್ತೆಸೆಯುವುದು ಮಳೆಯ ನಾಡಿಗೆ ಒಪ್ಪುವ ರೂಢಿಯಲ್ಲ. ಕವರಿಲ್ಲದ ಚೈನಿಗೆ ಕೆಂಪು ಕೆಸರು ಮೆತ್ತಿ ಅರದಂತೆ ಉಜ್ಜುತ್ತದೆ. ಆಗ ಪದೇ ಪದೇ ಸುರಿಯುವ ಸುಟ್ಟ ಆಯಿಲ್ ರಸ್ತೆಗೆ ತೊಟ್ಟಿಕ್ಕಿ, ಮೊದಲ ಮಳೆಯಲ್ಲೇ ಗದ್ದೆ ಮತ್ತು ಹಳ್ಳ ಸೇರುತ್ತದೆ. ಲೋಹದ ಪುಡಿ ತುಂಬಿದ ಅದು ಚೈನಿಗೂ ಹಿತವಲ್ಲ, ನೀರಿಗೂ ಹಿತವಲ್ಲ. ಕವರಿರುವ ಚೈನಿಗೆ ಹೊಸ ಗೇರ್ ಆಯಿಲಿನ ಕೆಲವೇ ಹನಿಗಳು ಸಾಲುತ್ತವೆ.

ಇದು ಸವಾರನೊಬ್ಬನಿಂದಲೇ ಆಗುವ ಕೆಲಸವಲ್ಲ. ಟೊಳ್ಳು ಸೈಲೆನ್ಸರ್ ಹಾಕುವುದಿಲ್ಲವೆಂದು ಗ್ಯಾರೇಜಿನವರು ನಿರ್ಧರಿಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ಮುಗಿಯುತ್ತದೆ. ಸುಟ್ಟ ಆಯಿಲನ್ನು ಡಬ್ಬದಲ್ಲಿ ಕೂಡಿಟ್ಟು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವ ಏರ್ಪಾಡನ್ನು ಗ್ರಾಮಸಭೆ ಕೇಳಬಹುದು. ಒಂದೇ ಮಾದರಿಯ ಬೈಕುಳ್ಳವರು ಸೇರಿ ಒಳ್ಳೆಯ ಚೈನ್ ಸೆಟ್ಟುಗಳನ್ನು ಒಟ್ಟಿಗೆ ತರಿಸಬಹುದು. ಕಾಲೇಜಿನ ತರುಣರು ಸದ್ದನ್ನು ಶೌರ್ಯವೆಂದು ಎಣಿಸುವುದನ್ನು ಬಿಟ್ಟರೆ ಕಿರಿಯರೂ ಬಿಡುತ್ತಾರೆ. ಅಣೆಕಟ್ಟು, ಗಣಿಗಳ ವಿರುದ್ಧ ದನಿಯೆತ್ತಿದ ಊರುಗಳಿಗೆ ಅಂಗಳದಲ್ಲಿ ನಿಂತ ಬೈಕಿನ ಹೊಣೆಯೂ ಹೊರಗಿನದಲ್ಲ.